ಟೈಗರ್ ಕಾರು ಹತ್ತಿದ!

ಹೀರೋ ತೆರೆಯ ಮೇಲೆ ಬಂದ ಕೂಡಲೇ ಶಿಳ್ಳೆ ಹೊಡೆಯುವ ಜಾತಿ ನಮ್ಮದು. ಆದರೆ 2022ರ ಜೂನ್ 10ರಂದು ತೆರೆಕಂಡ '777 ಚಾರ್ಲಿ'ಯಲ್ಲಿ ನಾನು ಶಿಳ್ಳೆ ಹೊಡೆದದ್ದು ಹೀರೋಗಲ್ಲ, ನಾಯಿಗೆ! ನಮ್ಮ ಉಡುಪಿಯ ಹುಡುಗ ರಕ್ಷಿತ್ ಶೆಟ್ಟಿ ಬೈಕ್ ಓಡಿಸುತ್ತಿದ್ದರೆ, ಪಕ್ಕದ ಸೈಡ್‌ಕಾರಿನಲ್ಲಿ ಚಾರ್ಲಿ ಮಹಾರಾಣಿಯ ಹಾಗೆ ಕೂತಿದ್ದಳು. ಹಿಮ ನೋಡಲು ಹೊರಟ ಆ ಸವಾರಿ ಕಂಡು ಕಣ್ಣೊರೆಸಿಕೊಳ್ಳದವರು ಯಾರಿದ್ದಾರೆ, ಹೇಳಿ?

ಸಿನಿಮಾ ಮುಗಿಸಿ ಎಲ್ಲೂರಿಗೆ ಬಂದವನೇ ನಮ್ಮ ಮನೆ ನಾಯಿಗೆ ಹೇಳಿದೆ: "ಮಗನೇ, ನಾಳೆ ನಿನ್ನ ಸವಾರಿ!"

ಅವನ ಹೆಸರು ಟೈಗರ್. ಟೈಗರ್ ಪ್ರಭಾಕರ್ ಅಭಿಮಾನಿಯಾದ ನನ್ನ ಮಾವ ಇಟ್ಟ ಹೆಸರು. ತಳಿ? ಅಪ್ಪಟ ಊರುನಾಯಿ. ಅಂಗಳಕ್ಕೆ ಬಂದ ನಾಗರಕ್ಕೂ ಹೆದರದ ಗಂಡು. ಅವನು ಹೆದರುವ ಒಂದೇ ಒಂದು ವಿಲನ್ ಅಂದರೆ ಕಾರು!

ರೇಬೀಸ್ ಚುಚ್ಚುಮದ್ದಿನ ದಿನ ಬಂದಿತ್ತು. ಮಾವನ ಹಳೇ ಮಾರುತಿ 800 ಅಂಗಳದಲ್ಲಿ ನಿಂತಿತು. ನಾನು ಕುತ್ತಿಗೆಯ ಹಗ್ಗ ಹಿಡಿದು ಎಳೆದೆ. ಟೈಗರ್ ನಾಲ್ಕೂ ಕಾಲು ಊರಿ ನಿಂತ. ಹಿಂದಿನಿಂದ ತಳ್ಳಿದೆ, ಮಲಗಿಬಿಟ್ಟ. ಕೊನೆಗೆ ಅನಾಮತ್ತಾಗಿ ಎತ್ತಿ ಮುಂದಿನ ಸೀಟಿಗೆ ಹಾಕಿ ಬಾಗಿಲು ಬಡಿದೆ. ಕಿಟಕಿಯ ಗಾಜು ಪೂರ್ತಿ ಇಳಿಸಿದೆ. ಯಾಕೆ ಗೊತ್ತಾ? ತಲೆ ಹೊರಗೆ ಹಾಕಿ ಗಾಳಿ ಕುಡಿಯುವ ಆ ಸಿನಿಮಾ ಪೋಸು ನನಗೆ ಬೇಕಿತ್ತು!

ಉಚ್ಚಿಲ ತಲುಪುವ ಮೊದಲೇ ಎದುರಿನ ಬಸ್ಸು ಹಾರನ್ ಹೊಡೆಯಿತು. ಅಷ್ಟೇ... ಟೈಗರ್ ಕಿಟಕಿಯಿಂದ ಹೊರಗೆ ಹಾರಿದ. ಡ್ಯೂಪ್ ಇಲ್ಲದ ಸ್ಟಂಟು! ಹಿಂದೆ ಬರುತ್ತಿದ್ದ ಬೈಕಿನವ ಬ್ರೇಕ್ ಒತ್ತದಿದ್ದರೆ ನಮ್ಮ ಚಿತ್ರ ಅಲ್ಲಿಗೇ 'ಶುಭಂ'.

ಮುಂಗಾಲಿಗೆ ಪೆಟ್ಟಾಗಿತ್ತು. ಮೂರು ವಾರ ಕುಂಟಿದ. ಅಮ್ಮ ನನಗೆ ಬೈದದ್ದು ನನಗೆ ನೋವಾಗಲಿಲ್ಲ ಗುರೂ. ನೋವಾದದ್ದು ಏನೆಂದರೆ, ನನ್ನ ಚಪ್ಪಲಿಯ ಸದ್ದಿಗೆ ಗೇಟಿನವರೆಗೆ ಓಡಿಬರುತ್ತಿದ್ದ ಟೈಗರ್, ಈಗ ನನ್ನ ಕಂಡರೆ ಬಾಲ ಮುದುರಿ ಕೊಟ್ಟಿಗೆಯ ಹಿಂದೆ ಸರಿಯುತ್ತಿದ್ದ.

ಕಾಲಿಗೆ ಮದ್ದು ಹಾಕಿದ ಪಶುವೈದ್ಯರು ನಕ್ಕು ಕೇಳಿದರು: "ಎಂತ ಮಾರಾಯ, ಸಿನಿಮಾ ನೋಡಿದೆ, ಅದರ ಹಿಂದಿನ ಕೆಲಸ ನೋಡ್ಲಿಲ್ವಾ?"

ಹೌದಲ್ಲ! ಕಿರಣ್‌ರಾಜ್ ನಿರ್ದೇಶನದ ಆ ಚಿತ್ರಕ್ಕೆ ಚಾರ್ಲಿಯನ್ನು ಪಳಗಿಸಲು ಪ್ರಮೋದ್ ಎಂಬ ತರಬೇತುದಾರರೇ ಇದ್ದರು. 1985ರ 'ತೇರಿ ಮೆಹರ್‌ಬಾನಿಯಾಂ'ದಲ್ಲಿ ಜಾಕಿ ಶ್ರಾಫ್ ಜತೆ ಮಿಂಚಿದ ಬ್ರೌನಿಯೂ ಒಂದೇ ದಿನದಲ್ಲಿ ಸ್ಟಾರ್ ಆದವನಲ್ಲ. ನಾವು ನೋಡುವುದು ಓಕೆ ಆದ ಒಂದು ಟೇಕು. ಅದರ ಹಿಂದಿನ ತಾಳ್ಮೆ ತೆರೆಯ ಮೇಲೆ ಬರುವುದೇ ಇಲ್ಲ.

ಸರಿ, ನಾನೂ ರಿಹರ್ಸಲ್ ಶುರು ಮಾಡಿದೆ. ನೆರಳಿನಲ್ಲಿ ನಿಂತ ಕಾರು, ಎಂಜಿನ್ ಬಂದ್, ಎರಡೂ ಕಡೆ ಬಾಗಿಲು ತೆರೆದದ್ದು. ಜಾರುವ ಸೀಟಿಗೆ ಗೋಣಿಚೀಲ ಹಾಸಿದೆ. ಹತ್ತಲು ಮೆಟ್ಟಿಲಿನ ಹಾಗೆ ಒಂದು ಗಟ್ಟಿ ಮಣೆ ಇಟ್ಟೆ. ಉಪ್ಪು ಖಾರ ಇಲ್ಲದೆ ಬೇಯಿಸಿ ಮುಳ್ಳು ತೆಗೆದ ಬೂತಾಯಿಯ ಒಂದು ತುಣುಕು ಮಣೆಯ ಮೇಲೆ, ಇನ್ನೊಂದು ಸೀಟಿನ ಮೇಲೆ. ನಾನು ದೂರ ಕೂತೆ. ಮೊದಲ ದಿನ ಮೂಸಿ ನೋಡಿ ಹೋದ. ನಾಲ್ಕನೇ ದಿನ ಮುಂಗಾಲು ಎರಡನ್ನೂ ಸೀಟಿಗೆ ಇಟ್ಟ. ಆಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲಿನ ಬುಡಕ್ಕೆ ಕೊಟ್ಟು ಮೆತ್ತಗೆ ಆಸರೆಯಾದೆ. ಕುತ್ತಿಗೆ ಹಿಡಿದು ಎಳೆಯಲೇ ಇಲ್ಲ. ಆಮೇಲೆ ಬಾಗಿಲು ಹಾಕಿ ಒಂದು ನಿಮಿಷ, ಎಂಜಿನ್ ಶುರು ಮಾಡಿ ನಿಂತಲ್ಲೇ ಎರಡು ನಿಮಿಷ, ಗೇಟಿನ ತನಕ, ವಿಶ್ವೇಶ್ವರ ದೇವಸ್ಥಾನದ ತನಕ... ಹೆದರಿದ ದಿನ ಪ್ಯಾಕಪ್!

ಸವಾರಿಗೂ ಶಿಸ್ತು ಉಂಟು ಮಿತ್ರರೇ. ನಾಯಿಯ ಜಾಗ ಹಿಂದಿನ ಸೀಟು. 40 ಕಿ.ಮೀ. ವೇಗದ ಕಾರು ಗಕ್ಕನೆ ನಿಂತರೆ, ಕಟ್ಟದ ನಾಯಿ ಅದೇ 40ರ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಅದಕ್ಕೇ ಎದೆಗೆ ಸುತ್ತುವ ಬೆಲ್ಟ್ ಹಾಕಿ ಸೀಟ್‌ಬೆಲ್ಟಿಗೆ ಗಿಡ್ಡಕ್ಕೆ ಕಟ್ಟಿ. ಕುತ್ತಿಗೆಪಟ್ಟಿಗೆ ಕಟ್ಟಿದರೆ ಅದೇ ಉರುಳಾದೀತು! ಹೊಸ ಕಾರುಗಳ ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಬೇರೆ. ಸಿಡಿದರೆ ನಾಯಿಗೆ ಅಪಾಯ. ಕಿಟಕಿ ಎರಡು ಬೆರಳು ತೆರೆದರೆ ಸಾಕು. ಹೊರಡುವ ಎರಡು ಮೂರು ಗಂಟೆ ಮೊದಲು ಹೊಟ್ಟೆ ತುಂಬ ಊಟ ಬೇಡ, ವಾಂತಿಯಾದೀತು. ಹಗ್ಗ ಕೈಗೆ ಸಿಕ್ಕಿದ ಮೇಲೆಯೇ ಬಾಗಿಲು ತೆರೆಯಿರಿ. "ಒಂದು ಚಾ ಕುಡಿದು ಬರ್ತೇನೆ" ಅಂತ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟು ಹೋಗಲೇಬೇಡಿ. ಹೊರಗೆ 30 ಡಿಗ್ರಿ ಇದ್ದರೆ ಹತ್ತೇ ನಿಮಿಷದಲ್ಲಿ ಒಳಗೆ 40ರ ಹತ್ತಿರ! ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ತೇಕಿಯೇ ಮೈ ತಣಿಸಬೇಕು. ಬೈಕಿನ ಟ್ಯಾಂಕಿನ ಮೇಲೆ ನಾಯಿ ಕೂರಿಸಿ ಹೀರೋ ಆಗುವ ಗೆಳೆಯರಿಗೂ ಇಷ್ಟೇ ಹೇಳುತ್ತೇನೆ: ಬಿದ್ದರೆ ಅದಕ್ಕೆ ಎರಡನೇ ಟೇಕ್ ಇಲ್ಲ.

ಮರುವರ್ಷದ ಚುಚ್ಚುಮದ್ದಿನ ದಿನ ನಾನು ಕಾರಿನ ಬಾಗಿಲು ತೆರೆದು ಸುಮ್ಮನೆ ನಿಂತೆ. ಟೈಗರ್ ನನ್ನ ಮುಖ ನೋಡಿದ. ಕಾರು ನೋಡಿದ. ಮಣೆಗೆ ಕಾಲಿಟ್ಟು ತಾನಾಗಿಯೇ ಹತ್ತಿ ಕೂತ! ಉಚ್ಚಿಲ, ಕಾಪು, ಕಟಪಾಡಿ ದಾಟಿ ಉಡುಪಿ ಬರುವ ತನಕ ಎಷ್ಟು ಬಸ್ಸು ಹಾರನ್ ಹೊಡೆದವೋ, ಅವನು ಕಿವಿ ನಿಮಿರಿಸಿದ್ದು ಬಿಟ್ಟರೆ ಎದ್ದೇಳಲಿಲ್ಲ.

2023ರ ಆಗಸ್ಟಿನಲ್ಲಿ 'ಚಾರ್ಲಿ'ಗೆ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಘೋಷಣೆಯಾಯಿತು. ಸುದ್ದಿ ಕೇಳಿ ಕುಣಿಯುತ್ತಾ ಮನೆಗೆ ಬಂದೆ. ನನ್ನ ಚಪ್ಪಲಿಯ ಸದ್ದು ಕೇಳಿದ್ದೇ ತಡ, ಟೈಗರ್ ಗೇಟಿನ ತನಕ ಓಡಿಬಂದ.

ನನ್ನ ಪ್ರಶಸ್ತಿ ನನಗೆ ಅಲ್ಲೇ ಸಿಕ್ಕಿತು ಬಿಡಿ!