ಪದವಿಯಲ್ಲಿ ಅರ್ಥಶಾಸ್ತ್ರ: ವಿಷಯ ಆಯ್ಕೆ ಮತ್ತು ಆರು ಸೆಮಿಸ್ಟರ್‌ಗಳ ವ್ಯಾಸಂಗ ಯೋಜನೆ

(ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಭಾಗದ ವಿದ್ಯಾರ್ಥಿಗಳು ಮತ್ತು ಪೋಷಕರ ಮಾಹಿತಿಗಾಗಿ)

ದ್ವಿತೀಯ ಪಿ.ಯು.ಸಿ. ಫಲಿತಾಂಶ ಪ್ರಕಟವಾದ ಕೂಡಲೇ ಪದವಿ ಪ್ರವೇಶದ ಅರ್ಜಿಗಳು ಆರಂಭವಾಗುತ್ತವೆ. ಅರ್ಜಿಯಲ್ಲಿ ವಿಷಯ ಸಂಯೋಜನೆಯನ್ನು ನಮೂದಿಸುವ ಅಂಕಣವು ಒಂದೇ ಸಾಲಿನದು. ಆದರೆ ವಿದ್ಯಾರ್ಥಿಯು ಮುಂದೆ ಯಾವ ಸ್ನಾತಕೋತ್ತರ ಕೋರ್ಸಿಗೆ, ಯಾವ ಹುದ್ದೆಗೆ ಅರ್ಹನಾಗುತ್ತಾನೆ ಎಂಬುದು ಬಹುಮಟ್ಟಿಗೆ ಆ ಸಾಲಿನಿಂದಲೇ ನಿರ್ಧಾರವಾಗುತ್ತದೆ. ಪ್ರವೇಶದ ಅವಧಿ ಮುಗಿದ ಮೇಲೆ ವಿಷಯ ಬದಲಾವಣೆ ಸುಲಭವಲ್ಲ. ಆದ್ದರಿಂದ ಅರ್ಥಶಾಸ್ತ್ರವನ್ನು ಓದಬಯಸುವವರು ಅರ್ಜಿ ಭರ್ತಿ ಮಾಡುವ ಮುನ್ನ ಈ ಕೆಳಗಿನ ಅಂಶಗಳನ್ನು ಗಮನಿಸಬೇಕೆಂದು ಕೋರಲಾಗಿದೆ.

1. ಈಗ ಜಾರಿಯಲ್ಲಿರುವ ಪದವಿ ಕ್ರಮ

ರಾಜ್ಯದಲ್ಲಿ 2021-22ನೇ ಸಾಲಿನಿಂದ ನಾಲ್ಕು ವರ್ಷಗಳ ಪದವಿ ಕ್ರಮವು ಜಾರಿಗೆ ಬಂದಿತ್ತು. ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಆಧಾರದ ಮೇಲೆ, 2024ರ ಮೇ ತಿಂಗಳಿನಲ್ಲಿ ಸರ್ಕಾರವು ಆದೇಶ ಹೊರಡಿಸಿ, 2024-25ನೇ ಸಾಲಿನಿಂದ ಮೂರು ವರ್ಷಗಳ, ಅಂದರೆ ಆರು ಸೆಮಿಸ್ಟರ್‌ಗಳ ಪದವಿಯನ್ನು ಮರಳಿ ಜಾರಿಗೊಳಿಸಿತು. ಹೀಗಾಗಿ ಅಣ್ಣ ಅಥವಾ ಅಕ್ಕ 2022ರಲ್ಲಿ ಓದಿದ ಪಠ್ಯಕ್ರಮವು ತಮ್ಮ ಅಥವಾ ತಂಗಿಗೆ ಅನ್ವಯಿಸುವುದಿಲ್ಲ. ಹಳೆಯ ಪುಸ್ತಕಗಳನ್ನು ಖರೀದಿಸುವ ಮುನ್ನ ತಮ್ಮ ಪ್ರವೇಶ ವರ್ಷದ ಪಠ್ಯಕ್ರಮವನ್ನು ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ ಇದರ ಜಾಲತಾಣದಲ್ಲಿ ಅಥವಾ ಕಾಲೇಜಿನಲ್ಲಿ ನೋಡಿಕೊಳ್ಳತಕ್ಕದ್ದು.

2. ಬಿ.ಎ., ಬಿ.ಕಾಂ., ಬಿ.ಬಿ.ಎ. – ಮೂರರಲ್ಲಿಯೂ ಅರ್ಥಶಾಸ್ತ್ರವಿದೆಯೇ?

ಇದೆ, ಆದರೆ ಪ್ರಮಾಣ ಒಂದೇ ಅಲ್ಲ. ಬಿ.ಎ. ಪದವಿಯಲ್ಲಿ ಅರ್ಥಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡವರು ಅದನ್ನು ಸೆಮಿಸ್ಟರ್‌ನಿಂದ ಸೆಮಿಸ್ಟರ್‌ಗೆ ಮುಂದುವರಿಸುತ್ತಾರೆ. ಬಿ.ಕಾಂ. ಮತ್ತು ಬಿ.ಬಿ.ಎ. ಪದವಿಗಳಲ್ಲಿ ಲೆಕ್ಕಶಾಸ್ತ್ರ, ನಿರ್ವಹಣೆ, ತೆರಿಗೆ, ಮಾರುಕಟ್ಟೆ ವಿಷಯಗಳೇ ಮುಖ್ಯವಾಗಿದ್ದು, ಅರ್ಥಶಾಸ್ತ್ರವು ವ್ಯವಹಾರ ಅರ್ಥಶಾಸ್ತ್ರದಂತಹ ಕೆಲವೇ ಪತ್ರಿಕೆಗಳಿಗೆ ಸೀಮಿತವಾಗಿರುತ್ತದೆ.

ಈ ವ್ಯತ್ಯಾಸದ ಪರಿಣಾಮವು ಪದವಿ ಮುಗಿದ ಮೇಲೆ ಕಾಣುತ್ತದೆ. ಕೇಂದ್ರ ಲೋಕಸೇವಾ ಆಯೋಗವು ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಅರ್ಥಶಾಸ್ತ್ರ ಅಥವಾ ಅದರ ನಿಗದಿತ ಶಾಖೆಯೊಂದರಲ್ಲಿ ಸ್ನಾತಕೋತ್ತರ ಪದವಿ ಕಡ್ಡಾಯ. ಪದವಿಪೂರ್ವ ಕಾಲೇಜುಗಳ ಅರ್ಥಶಾಸ್ತ್ರ ಉಪನ್ಯಾಸಕ ಹುದ್ದೆಗೂ ಅದೇ ವಿಷಯದ ಸ್ನಾತಕೋತ್ತರ ಪದವಿ ಬೇಕು. ಬಿ.ಕಾಂ. ಅಥವಾ ಬಿ.ಬಿ.ಎ. ಮುಗಿಸಿದವರಿಗೆ ಎಂ.ಎ. ಅರ್ಥಶಾಸ್ತ್ರಕ್ಕೆ ಪ್ರವೇಶ ನೀಡುವ ನಿಯಮವು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆಯಾಗಿರುತ್ತದೆ. ಆದುದರಿಂದ ಎಂ.ಎ. ಮಾಡುವ ಉದ್ದೇಶವುಳ್ಳವರು ಆ ಅರ್ಹತಾ ನಿಯಮವನ್ನು ಮೊದಲು ಓದಿ, ನಂತರ ಪದವಿಯನ್ನು ಆರಿಸಿಕೊಳ್ಳುವುದು ಸೂಕ್ತ. ಮನೆಯ ಅಂಗಡಿ, ವ್ಯಾಪಾರ, ಲೆಕ್ಕಪತ್ರ ಅಥವಾ ಬ್ಯಾಂಕಿನ ಉದ್ಯೋಗ ಗುರಿಯಾಗಿದ್ದಲ್ಲಿ ಬಿ.ಕಾಂ., ಬಿ.ಬಿ.ಎ. ಸಮರ್ಪಕವಾದ ಆಯ್ಕೆಗಳೇ ಆಗಿವೆ.

3. ಪಿ.ಯು.ಸಿ. ಸಂಯೋಜನೆ ಮತ್ತು ಗಣಿತ

ಕಲಾ ವಿಭಾಗದಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಓದಿದವರಿಗೆ ಅರ್ಥಶಾಸ್ತ್ರದ ಪರಿಚಯವಿರುತ್ತದೆ. ಗಣಿತವು ಹತ್ತನೇ ತರಗತಿಗೇ ನಿಂತಿರುತ್ತದೆ. ವಾಣಿಜ್ಯ ವಿಭಾಗದಲ್ಲಿ ಸಂಖ್ಯಾಶಾಸ್ತ್ರ ಅಥವಾ ಮೂಲಗಣಿತ ಓದಿದವರಿಗೆ ಈ ತೊಡಕು ಕಡಿಮೆ. ಕಲಾ ವಿಭಾಗದವರು ಇದರಿಂದ ಹಿಂಜರಿಯಬೇಕಾಗಿಲ್ಲ. ಶೇಕಡಾವಾರು, ಅನುಪಾತ, ಸರಳ ಸಮೀಕರಣ, ನಕ್ಷೆಯ ಮೇಲಿನ ರೇಖೆಯ ಇಳಿಜಾರು, ಸರಾಸರಿ – ಇಷ್ಟನ್ನು ಮೊದಲ ಸೆಮಿಸ್ಟರ್ ಆರಂಭವಾಗುವ ಮುನ್ನ ಹತ್ತನೇ ತರಗತಿಯ ಪುಸ್ತಕದಿಂದಲೇ ಅಭ್ಯಾಸ ಮಾಡಿಕೊಂಡರೆ ಬೇಡಿಕೆ ಮತ್ತು ಪೂರೈಕೆಯ ರೇಖೆಗಳು ಅರ್ಥವಾಗುತ್ತವೆ. ಕಾಲೇಜಿನಲ್ಲಿ ಅರ್ಥಶಾಸ್ತ್ರದ ಜೊತೆಗೆ ಸಂಖ್ಯಾಶಾಸ್ತ್ರವನ್ನು ಪಡೆಯುವ ಅವಕಾಶವಿದ್ದಲ್ಲಿ ಅದನ್ನು ಪರಿಶೀಲಿಸಬೇಕು. ಪದವಿಯಲ್ಲಿ ಸಂಖ್ಯಾಶಾಸ್ತ್ರವನ್ನು ಒಂದು ವಿಷಯವಾಗಿ ಓದಿದವರು ಭಾರತೀಯ ಸಾಂಖ್ಯಿಕ ಸೇವೆಯ ಪರೀಕ್ಷೆಗೂ ಅರ್ಜಿ ಸಲ್ಲಿಸಬಹುದು.

4. ಆರು ಸೆಮಿಸ್ಟರ್‌ಗಳ ಯೋಜನೆ

ಪತ್ರಿಕೆಗಳ ಹೆಸರು ಮತ್ತು ಕ್ರಮವನ್ನು ವಿಶ್ವವಿದ್ಯಾಲಯವು ನಿಗದಿಪಡಿಸುತ್ತದೆ. ವಿದ್ಯಾರ್ಥಿಯು ತನ್ನ ತಯಾರಿಯನ್ನು ಈ ರೀತಿ ವಿಂಗಡಿಸಿಕೊಳ್ಳಬಹುದು.

ಮೊದಲನೇ ವರ್ಷ: ಸೂಕ್ಷ್ಮ ಮತ್ತು ಸಮಗ್ರ ಅರ್ಥಶಾಸ್ತ್ರದ ಮೂಲ ಪರಿಕಲ್ಪನೆಗಳು. ಇವು ದುರ್ಬಲವಾದರೆ ಮುಂದಿನ ಪತ್ರಿಕೆಗಳೆಲ್ಲವೂ ಕಂಠಪಾಠವಾಗುತ್ತವೆ. ಕನ್ನಡ ಮಾಧ್ಯಮದವರು ಪ್ರತಿ ಪಾರಿಭಾಷಿಕ ಪದವನ್ನು ಎರಡೂ ಭಾಷೆಗಳಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಸೀಮಾಂತ ವೆಚ್ಚವೆಂದರೆ ಮಾರ್ಜಿನಲ್ ಕಾಸ್ಟ್ ಎಂಬುದು ತಿಳಿದಿದ್ದರೆ ಮುಂದೆ ಇಂಗ್ಲಿಷ್ ಪುಸ್ತಕ ಓದುವಾಗ ಗೊಂದಲವಾಗುವುದಿಲ್ಲ.

ಎರಡನೇ ವರ್ಷ: ಹಣ ಮತ್ತು ಬ್ಯಾಂಕಿಂಗ್, ಭಾರತ ಹಾಗೂ ಕರ್ನಾಟಕದ ಅರ್ಥವ್ಯವಸ್ಥೆ, ಸಂಖ್ಯಾಶಾಸ್ತ್ರದ ವಿಧಾನಗಳು. ಗಣಕಯಂತ್ರದಲ್ಲಿ ಕೋಷ್ಟಕ ಸಿದ್ಧಪಡಿಸುವುದನ್ನು ಈ ಅವಧಿಯಲ್ಲಿ ಕಲಿಯತಕ್ಕದ್ದು.

ಮೂರನೇ ವರ್ಷ: ಸಾರ್ವಜನಿಕ ಹಣಕಾಸು, ಅಂತರರಾಷ್ಟ್ರೀಯ ವ್ಯಾಪಾರದಂತಹ ಪತ್ರಿಕೆಗಳು ಹಾಗೂ ಯೋಜನಾ ವರದಿ. ಎಂ.ಎ. ಪ್ರವೇಶದ ಅಧಿಸೂಚನೆಗಳನ್ನು ಐದನೇ ಸೆಮಿಸ್ಟರ್‌ನಿಂದಲೇ ಗಮನಿಸುತ್ತಿರಬೇಕು. ಮೊದಲ ವರ್ಷದ ಬಾಕಿ ಪತ್ರಿಕೆಯನ್ನು ಕೊನೆಯ ಸೆಮಿಸ್ಟರ್‌ವರೆಗೆ ಉಳಿಸಿಕೊಂಡವರು ಪದವಿ ಪ್ರಮಾಣ ಪತ್ರವಿಲ್ಲದೆ ಒಂದು ಇಡೀ ವರ್ಷವನ್ನು ಕಳೆದುಕೊಳ್ಳುವ ಸಂಭವವಿರುತ್ತದೆ.

5. ಸಮಯದ ಲೆಕ್ಕ

2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ವರ್ಷಕ್ಕೆ 40 ಕ್ರೆಡಿಟ್‌ಗಳಿಗೆ 1200 ಗಂಟೆಗಳ ಕಲಿಕೆ ಎಂದು ಎಣಿಸಲಾಗುತ್ತದೆ. ಅಂದರೆ ಒಂದು ಕ್ರೆಡಿಟ್‌ಗೆ 30 ಗಂಟೆ. 4 ಕ್ರೆಡಿಟ್‌ನ ಪತ್ರಿಕೆಗೆ 120 ಗಂಟೆಗಳಾಗುತ್ತವೆ. ಇದರಲ್ಲಿ ತರಗತಿಯ ಪಾಠ ಸುಮಾರು 60 ಗಂಟೆ. ಉಳಿದುದು ಸ್ವಂತ ಓದು.

ಈಗ ಮುಂಡರಗಿ ಅಥವಾ ಲಕ್ಷ್ಮೇಶ್ವರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಗದಗಿನ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಬಂದು ಹೋಗಲು 2 ಗಂಟೆ ವ್ಯಯಿಸುತ್ತಾಳೆಂದು ಭಾವಿಸಿ. ವಾರಕ್ಕೆ 6 ದಿನದಂತೆ 16 ವಾರಗಳಿಗೆ 192 ಗಂಟೆಗಳಾಗುತ್ತವೆ. ಇದು ಒಂದೂವರೆ ಪತ್ರಿಕೆಯ ಓದಿನ ಅವಧಿಗಿಂತ ಹೆಚ್ಚು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಬಸ್ ದರ ಉಳಿದಿದೆ, ಸಮಯವಂತೂ ಉಳಿಯುವುದಿಲ್ಲ. ಲಕ್ಷ್ಮೇಶ್ವರದ ಮುನ್ಸಿಪಲ್ ಕಲಾ ಮತ್ತು ವಾಣಿಜ್ಯ ಕಾಲೇಜು, ಮುಂಡರಗಿಯ ಕೆ.ಆರ್. ಬೆಲ್ಲದ ಕಾಲೇಜು ಮುಂತಾದವು ಆಯಾ ಊರಿನಲ್ಲಿಯೇ ಇವೆ. ಬೇಕಾದ ಸಂಯೋಜನೆಯು ಸಮೀಪದ ಕಾಲೇಜಿನಲ್ಲಿ ಲಭ್ಯವಿದೆಯೇ ಎಂದು ಮೊದಲು ವಿಚಾರಿಸಿ, ಇಲ್ಲದಿದ್ದಲ್ಲಿ ಮಾತ್ರ ದೂರದ ಕಾಲೇಜನ್ನು ಅಥವಾ ವಿದ್ಯಾರ್ಥಿನಿಲಯವನ್ನು ಪರಿಗಣಿಸುವುದು ಉತ್ತಮ. ನಿಯಮಿತ ಪದವಿಯಲ್ಲಿ ಶೇಕಡಾ 75ರಷ್ಟು ಹಾಜರಾತಿ ಅಗತ್ಯ. ದುಡಿಮೆಯ ಕಾರಣದಿಂದ ಹಾಜರಾಗಲು ಸಾಧ್ಯವಿಲ್ಲದವರು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣವನ್ನು ಪರಿಶೀಲಿಸಬಹುದು. ಹಾಜರಾತಿ ಕೊರತೆಯಿಂದ ಪರೀಕ್ಷೆ ತಪ್ಪಿಸಿಕೊಳ್ಳುವುದಕ್ಕಿಂತ ಅದು ಮೇಲು.

6. ಯೋಜನಾ ವರದಿಗೆ ನಮ್ಮ ಜಿಲ್ಲೆಯ ವಿಷಯಗಳು

ವರದಿಯ ವಿಷಯಕ್ಕಾಗಿ ದೂರ ಹೋಗಬೇಕಾಗಿಲ್ಲ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರ ಸಂಘವು ಆರಂಭವಾದ ಕಣಗಿನಹಾಳ ಗ್ರಾಮವು ಗದಗ ತಾಲ್ಲೂಕಿನಲ್ಲಿಯೇ ಇದೆ. ಬೆಟಗೇರಿಯ ಕೈಮಗ್ಗ, ಗದಗ ಕೃಷಿ ಉತ್ಪನ್ನ ಮಾರುಕಟ್ಟೆಯ ದರ ಏರಿಳಿತ, ಮುಂಡರಗಿ ಭಾಗದ ಸಿಂಗಟಾಲೂರು ಏತ ನೀರಾವರಿ ಯೋಜನೆ, ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ (2024ರಲ್ಲಿ ರಾಮ್ಸರ್ ತಾಣವೆಂದು ಘೋಷಿತ) – ಇವೆಲ್ಲವೂ ಅಧ್ಯಯನಕ್ಕೆ ಯೋಗ್ಯವಾದವು. ಪ್ರಾದೇಶಿಕ ಅಸಮತೋಲನವನ್ನು ಕುರಿತು ಬರೆಯುವವರು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯನ್ನು ನೋಡಬೇಕು. ಅದು ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತ್ತು.

ಅಂಕಿ ಅಂಶಗಳನ್ನು ಬಳಸುವಾಗ ಒಂದು ಎಚ್ಚರಿಕೆ ಅವಶ್ಯ. 2011ರ ಜನಗಣತಿಯ ಕಾಲಕ್ಕೆ ಲಕ್ಷ್ಮೇಶ್ವರವು ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ಅದರ ಸಂಖ್ಯೆಗಳು ಶಿರಹಟ್ಟಿ ತಾಲ್ಲೂಕಿನಲ್ಲಿ ಸೇರಿವೆ. ಆ ವರ್ಷದ ಶಿರಹಟ್ಟಿಯನ್ನು ಇಂದಿನ ಶಿರಹಟ್ಟಿಗೆ ನೇರವಾಗಿ ಹೋಲಿಸಿದರೆ ಜನಸಂಖ್ಯೆ ಕುಸಿದಂತೆ ತೋರುತ್ತದೆ. ಆಗಿರುವುದು ಗಡಿಯ ಬದಲಾವಣೆ ಮಾತ್ರ. ಗದಗ ಜಿಲ್ಲೆಯೂ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟಿದ್ದರಿಂದ ಅದಕ್ಕಿಂತ ಹಿಂದಿನ ಅಂಕಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

7. ಅರ್ಜಿ ಸಲ್ಲಿಸುವ ಮುನ್ನ

(ಅ) ಜಾತಿ ಮತ್ತು ವರಮಾನ ಪ್ರಮಾಣ ಪತ್ರಗಳನ್ನು ನಾಡಕಚೇರಿಯಲ್ಲಿ ಮುಂಚಿತವಾಗಿ ಪಡೆದು, ಸಿಂಧುತ್ವದ ದಿನಾಂಕವನ್ನು ಪರಿಶೀಲಿಸತಕ್ಕದ್ದು.

(ಆ) ಆಧಾರ್, ಅಂಕಪಟ್ಟಿ ಮತ್ತು ಬ್ಯಾಂಕ್ ಖಾತೆಗಳಲ್ಲಿ ಹೆಸರು ಒಂದೇ ರೀತಿ ಇರತಕ್ಕದ್ದು. ಹೆಸರಿನ ವ್ಯತ್ಯಾಸವು ವಿದ್ಯಾರ್ಥಿವೇತನಕ್ಕೆ ಅಡ್ಡಿಯಾಗುತ್ತದೆ.

(ಇ) ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಪ್ರತ್ಯೇಕ ಅರ್ಜಿ ಸಲ್ಲಿಸಬೇಕು. ಕಾಲೇಜು ಪ್ರವೇಶದ ಅರ್ಜಿಯೇ ಅದಕ್ಕೆ ಸಾಲದು.

(ಈ) ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯು ನೆರೆಯ ಕೊಪ್ಪಳ ಜಿಲ್ಲೆಗೆ ಅನ್ವಯಿಸುತ್ತದೆ. ಗದಗ ಜಿಲ್ಲೆಗೆ ಅನ್ವಯಿಸುವುದಿಲ್ಲ. ಮುಂಡರಗಿಯ ಗಡಿ ಗ್ರಾಮಗಳ ಅರ್ಜಿದಾರರು ಇದನ್ನು ವಿಶೇಷವಾಗಿ ಗಮನಿಸುವುದು.

(ಉ) ಅರ್ಜಿಯನ್ನು ಗಣಕ ಕೇಂದ್ರದಲ್ಲಿ ಭರ್ತಿ ಮಾಡಿಸಿದರೂ ವಿಷಯ ಸಂಯೋಜನೆಯ ಸಾಲನ್ನು ವಿದ್ಯಾರ್ಥಿಯು ಸ್ವತಃ ಓದಿ, ಖಚಿತಪಡಿಸಿಕೊಂಡ ನಂತರವೇ ಸಲ್ಲಿಸಬೇಕು. ಮುದ್ರಿತ ಪ್ರತಿಯನ್ನು ಪದವಿ ಮುಗಿಯುವವರೆಗೆ ಜೋಪಾನವಾಗಿ ಇಟ್ಟುಕೊಳ್ಳುವುದು.

ಸಂದೇಹಗಳಿದ್ದಲ್ಲಿ ಕಾಲೇಜಿನ ಪ್ರವೇಶ ಸಮಿತಿಯನ್ನು ಅಥವಾ ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥರನ್ನು ಕಚೇರಿಯ ವೇಳೆಯಲ್ಲಿ ಭೇಟಿ ಮಾಡಿ ಪರಿಹರಿಸಿಕೊಳ್ಳಬಹುದು. ವಿಚಾರಿಸುವುದಕ್ಕೆ ಯಾವುದೇ ಶುಲ್ಕವಿರುವುದಿಲ್ಲ.