ವಾಹನ ಓಡಿಸುವವರಿಗೆ ಫೋನು ಬೇಡ

ಬೆಳೆದದ್ದು ಮಂಡಿ ಸೇರಬೇಕಾದರೆ ರಸ್ತೆಯೇ ದಾರಿ. ರಾಯಕೋಟೆಯ ಟೊಮ್ಯಾಟೊ, ಬಾಗಲೂರು–ಬೇರಿಕೆ ಕಡೆಯ ಗುಲಾಬಿ, ಕೃಷ್ಣಗಿರಿಯ ಮಾವು, ತಳಿ ಸುತ್ತಿನ ತರಕಾರಿ ಎಲ್ಲವೂ ಟೆಂಪೊ, ಲಾರಿ, ಟ್ರ್ಯಾಕ್ಟರುಗಳಲ್ಲಿ ಹೋಗುತ್ತವೆ. ನಮ್ಮ ಮಕ್ಕಳು ಕಾರ್ಖಾನೆಗೂ ಕಾಲೇಜಿಗೂ ಬೈಕಿನಲ್ಲಿ ಹೋಗುತ್ತಾರೆ. ಹೊಸೂರು, ಶೂಲಗಿರಿ, ಕೃಷ್ಣಗಿರಿಗಳ ಮೂಲಕ ಸಾಗುವ 44ನೇ ರಾಷ್ಟ್ರೀಯ ಹೆದ್ದಾರಿಯನ್ನು ಹತ್ತದ ಮನೆ ನಮ್ಮಲ್ಲಿ ಕಡಿಮೆ. ಆದ್ದರಿಂದ ಈ ಸಲ ಗೊಬ್ಬರ, ಔಷಧಿಯ ಮಾತನ್ನು ಬದಿಗಿಟ್ಟು, ವಾಹನ ಓಡಿಸುವಾಗ ಮೊಬೈಲ್ ಫೋನು ಬಳಸುವ ಕೆಟ್ಟ ರೂಢಿಯ ಬಗ್ಗೆ ತಿಳಿದುಕೊಳ್ಳೋಣ.

2022ರಲ್ಲಿ ಭಾರತದಲ್ಲಿ ರಸ್ತೆ ಅಪಘಾತಗಳಿಂದ 1,68,491 ಜನ ಸತ್ತರು. ಆ ವರ್ಷ ಅತಿ ಹೆಚ್ಚು ಅಪಘಾತಗಳು ನಡೆದ ರಾಜ್ಯ ನಮ್ಮ ತಮಿಳುನಾಡೇ: 64,105 ಅಪಘಾತಗಳು, 17,884 ಸಾವುಗಳು. ಇವುಗಳಲ್ಲಿ ಫೋನಿನಿಂದಾದವು ಎಷ್ಟು ಎಂದು ಸರಿಯಾಗಿ ಲೆಕ್ಕ ಹಾಕುವುದು ಕಷ್ಟ. ಏಕೆಂದರೆ ಡಿಕ್ಕಿಯಾದ ಮೇಲೆ, ಆಗ ಫೋನು ಕೈಯಲ್ಲಿತ್ತೆಂದು ತಾನಾಗಿ ಒಪ್ಪಿಕೊಳ್ಳುವವರು ವಿರಳ.

ಅಪಾಯ ಎಲ್ಲಿದೆ?

ಗಂಟೆಗೆ 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಯಾರ ಕರೆ ಎಂದು ನೋಡಲು ಮೂರು ಸೆಕೆಂಡು ಕಣ್ಣು ತಗ್ಗಿಸಿದರೆ 50 ಮೀಟರ್ ದೂರ ಕಣ್ಣು ಮುಚ್ಚಿಕೊಂಡು ಓಡಿಸಿದಂತೆ. ಅಷ್ಟರಲ್ಲಿ ಹಸು ಅಡ್ಡ ಬರಬಹುದು, ಶಾಲೆಯ ಮಗು ರಸ್ತೆ ದಾಟಬಹುದು, ಮುಂದಿನ ಲಾರಿ ನಿಂತುಬಿಡಬಹುದು. ಹೊರೆ ತುಂಬಿದ ಗಾಡಿ ಬ್ರೇಕ್ ಒತ್ತಿದ ಕೂಡಲೇ ನಿಲ್ಲುವುದೂ ಇಲ್ಲ.

‘ನಾನು ಫೋನು ಕೈಯಲ್ಲಿ ಹಿಡಿಯುವುದಿಲ್ಲ, ಕಿವಿಗೆ ಸಿಕ್ಕಿಸಿಕೊಳ್ಳುತ್ತೇನೆ’ ಎಂದು ಕೆಲವರು ಹೇಳುತ್ತಾರೆ. ಇದರಿಂದ ಅಪಾಯ ತಪ್ಪುವುದಿಲ್ಲ. 1997ರಲ್ಲಿ ಕೆನಡಾದ ಟೊರಾಂಟೊದಲ್ಲಿ 699 ಚಾಲಕರನ್ನು ಕುರಿತು ನಡೆದ ಅಧ್ಯಯನವು, ಫೋನಿನಲ್ಲಿ ಮಾತನಾಡುವಾಗ ಡಿಕ್ಕಿಯ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚುತ್ತದೆಂದು ತೋರಿಸಿತು. ಕೈಗೆ ಬಿಡುವು ಕೊಡುವ ಫೋನುಗಳಿಂದ ಹೆಚ್ಚಿನ ರಕ್ಷಣೆ ಕಂಡುಬರಲಿಲ್ಲ. ಇಂದು ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತದೆ. ಕಾರಣ ಸರಳ. ಕೈ ಸ್ಟಿಯರಿಂಗಿನಲ್ಲಿದ್ದರೂ ಮನಸ್ಸು ಮಾತಿನಲ್ಲಿರುತ್ತದೆ. ಕಣ್ಣಿಗೆ ಬಿದ್ದದ್ದು ಬುದ್ಧಿಗೆ ತಟ್ಟುವುದಿಲ್ಲ. ಪಕ್ಕದಲ್ಲಿ ಕುಳಿತವರು ತಿರುವು ಬಂದಾಗ ಮಾತು ನಿಲ್ಲಿಸುತ್ತಾರೆ. ದೂರದಲ್ಲಿ ಫೋನು ಹಿಡಿದವರಿಗೆ ತಿರುವೂ ಕಾಣದು, ಎದುರಿನ ಬಸ್ಸೂ ಕಾಣದು.

ಕಾನೂನು ಏನು ಹೇಳುತ್ತದೆ?

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಮು, ಕೈಯಲ್ಲಿ ಫೋನು ಹಿಡಿದು ಓಡಿಸುವುದನ್ನು ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿದೆ. ಮೊದಲ ತಪ್ಪಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ, ಇಲ್ಲವೇ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೂರು ವರ್ಷದೊಳಗೆ ಅದೇ ತಪ್ಪು ಮಾಡಿದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಇಂಥ ಚಾಲಕರ ಲೈಸೆನ್ಸನ್ನು ಕನಿಷ್ಠ ಮೂರು ತಿಂಗಳು ಅಮಾನತಿನಲ್ಲಿಡಬೇಕೆಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಸೂಚಿಸಿತು. ಗಾಡಿ ಓಡಿಸಿಯೇ ಸಂಸಾರ ಸಾಕುವವರಿಗೆ ಮೂರು ತಿಂಗಳು ಲೈಸೆನ್ಸ್ ಇಲ್ಲವೆಂದರೆ ಏನೆಂದು ಹೇಳಬೇಕಾಗಿಲ್ಲ. 2020ರ ಅಕ್ಟೋಬರಿನಿಂದ ದಾರಿ ನೋಡಲು ಮಾತ್ರ ಫೋನು ಬಳಸಬಹುದೆಂಬ ನಿಯಮವಿದೆ. ಅದೂ ಚಾಲಕನ ಗಮನ ಕೆಡದಂತೆ.

ಫೋನು ಮಾಡುವವರು ಯಾರು?

ಇಲ್ಲಿ ನಾವು ಸ್ವಲ್ಪ ಯೋಚಿಸಬೇಕು. ಗಾಡಿ ಓಡಿಸುವವನ ಫೋನು ತಾನಾಗಿ ಮೊಳಗುವುದಿಲ್ಲ. ಲೋಡು ಎಲ್ಲಿಗೆ ಬಂತೆಂದು ತೋಟದ ಯಜಮಾನರು ಕೇಳುತ್ತಾರೆ. ಇಂದಿನ ರೇಟು ಹೇಳಲು ಮಂಡಿಯವರು ಕರೆಯುತ್ತಾರೆ. ಊಟಕ್ಕೆ ಬರುತ್ತೀಯಾ ಎಂದು ಮನೆಯವರು ಕೇಳುತ್ತಾರೆ. ಎತ್ತದಿದ್ದರೆ ಮತ್ತೆ ಮತ್ತೆ ಮಾಡುತ್ತಾರೆ, ಆಮೇಲೆ ಬೈಯುತ್ತಾರೆ. ಬೈಸಿಕೊಳ್ಳುವ ಭಯಕ್ಕೇ ಎಷ್ಟೋ ಚಾಲಕರು ಫೋನು ಎತ್ತುತ್ತಾರೆ. ಆದ್ದರಿಂದ ಈ ರೂಢಿ ನಿಲ್ಲಬೇಕಾದದ್ದು ಗಾಡಿಯಲ್ಲಿ ಮಾತ್ರವಲ್ಲ, ಮನೆಯಲ್ಲಿ, ತೋಟದಲ್ಲಿ, ಮಂಡಿಯಲ್ಲಿ ಕೂಡ.

ನಾವು ಮಾಡಬಹುದಾದದ್ದು

1. ಹೊರಡುವ ಮೊದಲೇ ರೇಟು, ಇಳಿಸುವ ಜಾಗ, ತಲುಪುವ ಹೊತ್ತು ಎಲ್ಲವನ್ನೂ ಮಾತನಾಡಿ ಮುಗಿಸಿರಿ.

2. ಫೋನಿನ ಸದ್ದು ನಿಲ್ಲಿಸಿ ಡಬ್ಬಿಯಲ್ಲೋ ಚೀಲದಲ್ಲೋ ಇಡಿರಿ. ಎದುರಿಗೆ ಮಿನುಗುತ್ತಿದ್ದರೆ ನೋಡದೆ ಇರುವುದು ಕಷ್ಟ.

3. ಜೊತೆಗೆ ಕ್ಲೀನರ್ ಅಥವಾ ಮನೆಯವರು ಇದ್ದರೆ ಫೋನು ಅವರ ಕೈಯಲ್ಲಿರಲಿ. ತುರ್ತಿನದಾದರೆ ಅವರೇ ಉತ್ತರಿಸಲಿ.

4. ಮಾತನಾಡಲೇಬೇಕಿದ್ದರೆ ಪೆಟ್ರೋಲ್ ಬಂಕಿನಂಥ, ರಸ್ತೆಯಿಂದ ಹೊರಗಿನ ಜಾಗದಲ್ಲಿ ನಿಲ್ಲಿಸಿರಿ. ಹೆದ್ದಾರಿಯ ಅಂಚಿನಲ್ಲಿ ನಿಂತ ಗಾಡಿಗೆ, ಅದರಲ್ಲೂ ರಾತ್ರಿ, ಹಿಂದಿನಿಂದ ಬಂದು ಗುದ್ದುವ ಅಪಾಯವಿದೆ.

5. ಬೈಕಿನಲ್ಲಿ ಹೋಗುವ ಯುವಕರು ಹೆಲ್ಮೆಟ್ಟಿನೊಳಗೆ ಫೋನು ಸಿಕ್ಕಿಸುವುದನ್ನೂ, ಕತ್ತು ವಾಲಿಸಿ ಭುಜಕ್ಕೆ ಒತ್ತಿ ಮಾತನಾಡುವುದನ್ನೂ ಬಿಡಬೇಕು. ಕಿವಿಯಲ್ಲಿ ಹಾಡು ಹಾಕಿಕೊಂಡು ಟ್ರ್ಯಾಕ್ಟರ್ ಓಡಿಸುವವರಿಗೆ ಹಿಂದಿನ ಹಾರ್ನ್ ಕೇಳಿಸುವುದಿಲ್ಲ.

6. ಬಸ್ಸಿನಲ್ಲೋ ಮಕ್ಕಳ ಶಾಲಾ ವ್ಯಾನಿನಲ್ಲೋ ಚಾಲಕನು ಫೋನು ಹಿಡಿದರೆ ಸುಮ್ಮನಿರದೆ, ‘ಅಣ್ಣಾ, ಸ್ವಲ್ಪ ನಿಲ್ಲಿಸಿ ಮಾತಾಡಿ’ ಎಂದು ಮರ್ಯಾದೆಯಿಂದ ಹೇಳಿರಿ.

7. ನೀವು ಫೋನು ಮಾಡಿದಾಗ ಮೊದಲು ‘ಗಾಡಿ ಓಡಿಸುತ್ತಿದ್ದೀಯಾ?’ ಎಂದು ಕೇಳಿರಿ. ಹೌದೆಂದರೆ ಕೂಡಲೇ ಇಟ್ಟುಬಿಡಿರಿ.

ಟೊಮ್ಯಾಟೊ ರೇಟು ಇಂದು ಇಳಿದರೆ ನಾಳೆ ಏರೀತು. ಹತ್ತು ನಿಮಿಷ ತಡವಾದರೆ ಮಂಡಿ ಮುಚ್ಚುವುದಿಲ್ಲ. ಹೋದ ಮಗ ಸುಖವಾಗಿ ಮನೆಗೆ ಬರಲಿ, ಫೋನು ಆಮೇಲೆ ಮಾಡೋಣ.