ನಿಮಗಿದು ಗೊತ್ತೆ? ಮಾವಿನ ನೆರಳಲ್ಲೂ ಮೇವು ಬೆಳೆದೀತು!

ಗಣೇಶನಿಗೆ ಪ್ರಿಯವಾದ ಗರಿಕೆಗೆ ನೆರಳೆಂದರೆ ಆಗದು. ಬಿಸಿಲಲ್ಲಿ ಎಷ್ಟು ತುಳಿದರೂ ಚಿಗುರುವ ಈ ಹುಲ್ಲು, ಹುಣಸೆ, ಹೊಂಗೆಯ ದಟ್ಟ ನೆರಳಲ್ಲಿ ಸೊರಗಿ ನೆಲ ಬೋಳಾಗುತ್ತದೆ. ಬೆಳಕಿನ ಕೊರತೆ ಅರ್ಧ ಕಾರಣವಷ್ಟೆ. ಮೇಲ್ಮಣ್ಣಿನ ತೇವವನ್ನು ಮರದ ಬೇರೇ ಹೀರಿಬಿಡುತ್ತದೆ.

ಹಾಗಂತ ಚಿಂತಾಮಣಿ, ಶಿಡ್ಲಘಟ್ಟದ ಮಾವಿನ ತೋಪುಗಳಲ್ಲಿ ಸಾಲಿನ ನಡುವಿನ ಜಾಗ ಖಾಲಿ ಬಿಡಬೇಕಿಲ್ಲ. ಆಫ್ರಿಕಾ ಮೂಲದ ಗಿನಿ ಹುಲ್ಲು ಅರೆನೆರಳನ್ನು ಸಹಿಸುತ್ತದೆ. ನೇಪಿಯರ್ ಹುಲ್ಲಿಗೆ ಅಷ್ಟು ತಾಳ್ಮೆ ಇಲ್ಲ. ಮುಂಗಾರು ಹಿಡಿದ ಮೇಲೆ ಗಿನಿ ಹುಲ್ಲಿನ ಬೇರುಸಹಿತ ಸೀಳಿದ ಬುಡಗಳನ್ನು ನೆಟ್ಟರೆ ಸುಮಾರು ಎರಡೂವರೆ ತಿಂಗಳಿಗೆ ಮೊದಲ ಕಟಾವು. ಆಮೇಲೆ ನೀರಿದ್ದರೆ 30ರಿಂದ 45 ದಿನಕ್ಕೊಮ್ಮೆ. ಕುಡುಗೋಲು ನೆಲಕ್ಕೆ ತಾಗಬಾರದು. ಅರ್ಧ ಗೇಣಿನಷ್ಟು, ಅಂದರೆ 10ರಿಂದ 15 ಸೆಂ.ಮೀ. ಕೂಳೆ ಉಳಿಸಿದರೆ ಚಿಗುರು ಬೇಗ ಬರುತ್ತದೆ. ಮರದ ಪಾತಿಯೊಳಗೆ ಮಾತ್ರ ಹುಲ್ಲು ಬೇಡ, ಆ ನೀರು ಗೊಬ್ಬರ ಮಾವಿಗೇ ಇರಲಿ. ಬಯಲಿನಷ್ಟು ಇಳುವರಿ ನೆರಳಲ್ಲಿ ಸಿಗದು. ಹಾಗಾಗಿ ರಾಗಿ ಹುಲ್ಲಿನ ಮೆದೆಯನ್ನು ಮರೆಯುವಂತಿಲ್ಲ ಅನ್ನಿ.

ನೀಲಗಿರಿ ತೋಪಿನಲ್ಲಿ ಈ ಆಸೆಯೇ ಬೇಡ. ಅದರ ಬೇರು ನೀರು ಬಿಡದು, ಉದುರಿದ ಎಲೆಯ ಎಣ್ಣೆಯಂಶ ಹುಲ್ಲಿನ ಮೊಳಕೆಗೆ ಅಡ್ಡಿ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲೇ ನಿಷೇಧಿಸಿತ್ತು.

ಮನೆಯಂಗಳದ ಲಾನ್‌ಗಾದರೆ? ನರ್ಸರಿಯಲ್ಲಿ ಅಗಲ ಎಲೆಯ ಬಫಲೋ ಹುಲ್ಲು ಕೇಳಿ. ಮರದ ಕೆಳಗಿನ ರೆಂಬೆ ಸವರಿ, ತರಗೆಲೆ ಆಗಾಗ ಗುಡಿಸಿ, ಬಿಸಿಲಿನ ಲಾನ್‌ಗಿಂತ ತುಸು ಉದ್ದವಾಗಿಯೇ ಕತ್ತರಿಸಿ.